ಒಬ್ಬನೇ ಬಂದಿಳಿದ ಅಮೆರಿಕಾ ಸೈನ್ಯ

ಆ ಬೆಳಿಗ್ಗೆ ಸೀನದೇ ಇದ್ದಿದ್ದರೆ ಆ-ಟಿಯಾಮ್ ತನ್ನ ಪಾಡಿಗೆ ತಾನು ಸೋಯಾ ಕಾಳು ರುಬ್ಬಿಕೊಂಡು ಇರುತ್ತಿದ್ದ.

ಯುದ್ಧದ ಕಾಲ. ಈಗ ತೈವಾನ್ ಎನ್ನುವ ಫಾರ್ಮೋಸಾ ದ್ವೀಪ ಆಗ ಜಪಾನಿನವರ ಕೈಯಲ್ಲಿತ್ತು. ಅದನ್ನು ಕಿತ್ತುಕೊಳ್ಳಲು ಅಮೆರಿಕದವರು ಇವತ್ತೋ ನಾಳೆಯೋ ಬಂದಿಳಿಯುತ್ತಾರೆಂದು ಸುದ್ದಿ ಹಬ್ಬಿತ್ತು. ಹೈ-ಬೋಯೆ ಎಂಬ ಬೆಸ್ತರ ಹಳ್ಳಿಯಲ್ಲಿ ಎಪ್ಪತ್ತು ಜನರನ್ನು ಗುಡಿಯಂಗಳದಲ್ಲಿ ಸಾಲಾಗಿ ನಿಲ್ಲಿಸಿ ಜಪಾನಿ ಪೊಲೀಸು ಇಗರಾಶಿ ಶತ್ರುವಿನ ವರ್ಣನೆ ಮಾಡುತ್ತಿದ್ದ. ಎತ್ತರದ ಆಳು, ಉದ್ದ ಮೂಗು ಎಂದು ಅವನು ಹೇಳುವುದಕ್ಕೂ ಸೋಯಾ ಹಾಲು ಒಡೆಸಿ ಮಾಡಿದ ತೋಫು ಮಾರುವ ಆ-ಟಿಯಾಮ್ ಸೀನುವುದಕ್ಕೂ ಸರಿಹೋಯಿತು. ಎಲ್ಲ ತಲೆಗಳೂ ಅವನತ್ತ ತಿರುಗಿದವು. ಬದನೆಕಾಯಿಯ ಹಾಗೆ ಇಳಿಬಿದ್ದಿದ್ದ ಆ ಮೂಗನ್ನು ಊರು ಅಲ್ಲಿಯವರೆಗೆ ಯುದ್ಧದ ದೃಷ್ಟಿಯಿಂದ ನೋಡಿಯೇ ಇರಲಿಲ್ಲ.

ಅವತ್ತು ಮಧ್ಯಾಹ್ನ ಪಟ್ಟಣದಿಂದ ಕ್ಯಾಪ್ಟನ್ ಬಂದು ಊರಿನ ತಾಲೀಮು ನೋಡುವವನಿದ್ದ. ತಾಲೀಮಿಗೆ ಒಬ್ಬ ಶತ್ರು ಬೇಕಾಗಿತ್ತು. ಇಗರಾಶಿ ಬೆರಳು ತೋರಿಸಿದ. ಬಿದಿರಿನ ತೆಪ್ಪದಲ್ಲಿ ಕಡಲಿಗೆ ಹೋಗಬೇಕು, ಸೀಟಿ ಊದಿದಾಗ ದಡಕ್ಕೆ ಬರಬೇಕು, ಗಾಳಿಮರಗಳ ಹಿಂದೆ ಅಡಗಿದವರು ಬಿದಿರಿನ ಈಟಿ ಹಿಡಿದು ನುಗ್ಗಿದಾಗ ಸಾಯಬೇಕು. ಯಾರಾದರೂ ಕೇಳಿದರೆ ತಾನು ಅಮೆರಿಕಾ ಸೈನ್ಯ ಅಂತ ಗಟ್ಟಿಯಾಗಿ ಹೇಳಬೇಕು.

ಊರಿಗೆ ಊರೇ ಖುಷಿಪಟ್ಟಿತು. ಆ-ಟಿಯಾಮನ ಕಣ್ಣು ಮಾತ್ರ ಆ ಈಟಿಗಳ ತುದಿಯ ಮೇಲೇ ಇತ್ತು. ಅವನ್ನು ನಿಜವಾಗಿಯೂ ಮಸೆದು, ಬೆಂಕಿಯಲ್ಲಿ ಕಾಯಿಸಿ ಗಟ್ಟಿ ಮಾಡಿದ್ದರು. ಅದೂ ಅಲ್ಲದೆ ಕ್ಷೌರಿಕ ಬಾನ್-ಸೂಯ್ ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದ.

"ಹೋದ ವಾರ ನಂಗೆ ಕೊಟ್ಟಿದ್ದು ತೋಫುನೋ ಕೆರೆ ನೀರೋ, ಅಣ್ಣ?" ಎಂದು ಅವನು ಈಟಿ ಸವರುತ್ತ ಕೇಳಿದ.

"ಕಾಲು ಮರಳಿಗೆ ತಾಗಿದ ತಕ್ಷಣ ಸತ್ತೋಗ್ತೀನಿ ಮಾರಾಯ, ನೀನು ಹತ್ರಾನೂ ಬರ್ಬೇಡ," ಅಂದ ಆ-ಟಿಯಾಮ್.

ಹೆಂಡತಿ ಗೋಕ್-ಲಾನ್‌ಳ ಚಿಂತೆಯೇ ಬೇರೆ. ಇರುವುದೊಂದೇ ಪ್ಯಾಂಟು, ಎಲ್ಲಾದರೂ ಒಣಗಿದ ಜಾಗ ನೋಡಿ ಸಾಯಬೇಕೆಂದು ಹೇಳಿ ಕಳಿಸಿದಳು.

ತೆಪ್ಪ ಕಡಲಿಗೆ ಹೋದ ಮೇಲೆ, ಹೇಳಿದ ಹೊತ್ತಿಗೆ ಸೀಟಿಯೇನೋ ಕೂಗಿತು. ಆದರೆ ಕಡಲಿಗೆ ಇಗರಾಶಿಯ ಅಪ್ಪಣೆ ತಲುಪಿರಲಿಲ್ಲ. ಸೆಳೆತ ತೆಪ್ಪವನ್ನು ಎತ್ತಿಕೊಂಡು ಬಂಡೆ ಸುತ್ತಿಸಿ, ಊರ ಹಿಂದಿನ ಉಪ್ಪಿನ ಗದ್ದೆಗಳ ಪಕ್ಕ ಬಿಸಾಕಿತು. ಆ-ಟಿಯಾಮ್ ಮಾತು ತಪ್ಪದೆ ಕಾಲಿಟ್ಟ ಕೂಡಲೇ ಸತ್ತು ಬಿದ್ದ. ಸ್ವಲ್ಪ ಹೊತ್ತು ಹಾಗೇ ಬಿದ್ದಿದ್ದ. ಒಂದು ಏಡಿ ಬಂದು ನೋಡಿಕೊಂಡು ಹೋಯಿತೇ ಹೊರತು ಮತ್ಯಾರೂ ಬರಲಿಲ್ಲ.

ನಿಯತ್ತಿನ ಮನುಷ್ಯ. ಎದ್ದು ಮರಳು ಕೊಡವಿಕೊಂಡು ತನ್ನನ್ನು ಕೊಲ್ಲುವವರನ್ನು ಹುಡುಕುತ್ತ ಹೊರಟ. ಬೀದಿ ಖಾಲಿ. ಕಿವಿ ಮಂದವಾದ ಖಿಯೋಕಜ್ಜಿ ಒಬ್ಬಳೇ ಬಾಗಿಲಲ್ಲಿ ಕೂತಿದ್ದಳು.

"ಇನ್ನೂ ಇಲ್ಲೇ ಇದ್ದೀಯಲ್ಲೋ, ಎಲ್ರೂ ಅಮೆರಿಕದವ್ರನ್ನ ಹೊಡೆಯೋಕೆ ಹೋದ್ರು," ಎಂದು ಗದರಿದಳು.

"ನಾನೇ ಅಜ್ಜಿ ಅಮೆರಿಕದವ್ನು."

"ಹಸಿದಿದ್ದೀಯಾ? ಬಾ ಕೂತ್ಕೋ," ಎಂದು ಬಟ್ಟಲು ತುಂಬ ಗೆಣಸಿನ ಗಂಜಿ ಬಡಿಸಿದಳು.

ಹೊಟ್ಟೆ ತುಂಬಿದ ಮೇಲೆ ಅವನು ನೆಟ್ಟಗೆ ಪೊಲೀಸ್ ಠಾಣೆಗೆ ಹೋದ. ಇಗರಾಶಿ ಯಾವಾಗಲಾದರೂ ಅಲ್ಲಿಗೆ ಬರಲೇಬೇಕಲ್ಲ. ಠಾಣೆಯಲ್ಲಿ ಒರಗುವ ಕುರ್ಚಿ ಇದ್ದದ್ದು ಒಂದೇ. ಕೂತ. ಗಂಜಿ ತನ್ನ ಕೆಲಸ ಮಾಡಿತು.

ಎಚ್ಚರವಾದಾಗ ಎದುರಿಗೆ ಮಿರುಗುವ ಬೂಟುಗಳು. ದಾರಿಯಲ್ಲಿ ಗಾಡಿ ಕೆಟ್ಟು ತಡವಾಗಿದ್ದ ಕ್ಯಾಪ್ಟನ್ ನೇರ ಠಾಣೆಗೇ ಬಂದಿದ್ದ.

"ಯಾರು ನೀನು?"

ಆ-ಟಿಯಾಮ್ ಎದ್ದು ನಿಂತು, ಹೇಳಿಕೊಟ್ಟಿದ್ದನ್ನು ಗಟ್ಟಿಯಾಗಿ ಒಪ್ಪಿಸಿದ. "ಅಮೆರಿಕಾ ಸೈನ್ಯ, ಸ್ವಾಮಿ."

"ಮತ್ತೆ ನಮ್ಮವ್ರೆಲ್ಲಿ?"

"ಸಮುದ್ರದ ಹತ್ರ ನಂಗೋಸ್ಕರ ಕಾಯ್ತಾ ಇದ್ದಾರೆ."

"ನೀನು ಇಲ್ಲಿಗೆ ಬಂದು ಎಷ್ಟೊತ್ತಾಯ್ತು?"

"ಊಟ ಆಯ್ತು, ಒಂದು ನಿದ್ದೆನೂ ಆಯ್ತು ಸ್ವಾಮಿ."

ಅಷ್ಟರಲ್ಲಿ ಇಗರಾಶಿ ಏದುಸಿರು ಬಿಡುತ್ತ ಓಡಿಬಂದ. ಅವನ ಹಿಂದೆ ಈಟಿಗಳ ಸಮೇತ ಇಡೀ ಊರು. ಒಬ್ಬ ತೋಫು ಮಾರುವವನು ದಡ, ಬೀದಿ, ಠಾಣೆ ಮೂರನ್ನೂ ಗೆದ್ದು ಗೊರಕೆ ಹೊಡೆದನೆಂದು ಮೇಲಿನವರಿಗೆ ಬರೆದರೆ ಇಬ್ಬರ ಟೋಪಿಯೂ ಉಳಿಯುತ್ತಿರಲಿಲ್ಲ. ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡು ವರದಿ ಬರೆಸಿದ. ಶತ್ರು ಬಂದಿಳಿದ, ಊರವರು ಶೌರ್ಯದಿಂದ ಕಾದಾಡಿ ಒಬ್ಬರೂ ಉಳಿಯದಂತೆ ಸಂಹರಿಸಿದರು. ಊರು ಕೇಕೆ ಹಾಕಿತು. ಎಲ್ಲರಿಗಿಂತ ಜೋರಾಗಿ ಕೇಕೆ ಹಾಕಿದವನು ಆ-ಟಿಯಾಮ್. ಮೈಮೇಲೆ ಒಂದು ತರಚು ಗಾಯವಿಲ್ಲ, ಪ್ಯಾಂಟೂ ಒಣಗಿತ್ತು. ಬಾನ್-ಸೂಯ್‌ನ ಹೆಗಲ ಮೇಲೆ ಕೈಹಾಕಿ, ನಾಳೆ ಗಟ್ಟಿ ತೋಫು ಕೊಡುತ್ತೇನೆಂದು ಮಾತೂ ಕೊಟ್ಟ.

ಅದೇ ಸಂಜೆ ಅವನು ಸಿಳ್ಳೆ ಹಾಕುತ್ತ ಪಡಿತರದ ಅಕ್ಕಿ ತರಲು ಹೋದ. ಸೋ ಎಂಬ ಗುಮಾಸ್ತ ಪುಸ್ತಕ ತೆರೆದು, ಮುಖ ನೋಡಿ, ಮತ್ತೆ ಪುಸ್ತಕ ನೋಡಿದ.

"ನಿನ್ ಹೆಸ್ರು ಹೊಡೆದುಹಾಕಿದೆ ಅಣ್ಣ. ವರದೀಲಿ ಸತ್ತವ್ರ ಹೆಸ್ರು ಬರೀಬೇಕಲ್ಲ, ಇಗರಾಶಿ ಸಾಹೇಬ್ರು ನಿಂದೇ ಬರೆದಿದ್ದಾರೆ. ಮೊಹರೂ ಬಿದ್ದಿದೆ. ಸತ್ತವ್ರಿಗೆ ಅಕ್ಕಿ ಕೊಡೋ ಹಾಗಿಲ್ಲ."

ಆ-ಟಿಯಾಮ್ ವಾದಿಸಿದ, ಮೈ ಚಿವುಟಿ ತೋರಿಸಿದ. ಸೋ ಕನಿಕರದಿಂದ ತಲೆಯಾಡಿಸಿದನೇ ಹೊರತು ಅಕ್ಕಿ ಅಳೆಯಲಿಲ್ಲ. ಕೊನೆಗೆ ಆ-ಟಿಯಾಮನಿಗೆ ಏನೋ ಹೊಳೆದು ಮುಖ ಅರಳಿತು.

"ಹೋಗ್ಲಿ ಬಿಡು. ಸತ್ತಿದ್ದೀನಿ ಅಂದ್ಮೇಲೆ ಇನ್ಮೇಲೆ ತಾಲೀಮಿಗೆ ಕರೆಯೋ ಹಾಗಿಲ್ವಲ್ಲ?"

"ಆ ಪಟ್ಟಿ ಪೊಲೀಸ್ರ ಹತ್ರ ಇರೋದು," ಅಂದ ಸೋ, ಠಾಣೆಯಿಂದ ಬಂದಿದ್ದ ಒಂದು ಚೀಟಿಯನ್ನು ಕಪಾಟಿನಿಂದ ತೆಗೆದು ಓದುತ್ತ. "ಅದ್ರಲ್ಲಿ ನೀನು ಚೆನ್ನಾಗಿ ಬದುಕಿದ್ದೀಯ. ಕ್ಯಾಪ್ಟನ್‌ರಿಗೆ ನಿನ್ ಕೆಲಸ ಬಹಳ ಹಿಡಿಸಿತಂತೆ. ಸೋಮವಾರದಿಂದ ಕರಾವಳಿಯ ಹನ್ನೆರಡು ಊರಲ್ಲೂ ನೀನೇ ಇಳೀಬೇಕಂತೆ. ಊಟ ಮಾತ್ರ ನಿನ್ನ ಪಡಿತರದಲ್ಲೇ ನೋಡ್ಕೋಬೇಕು."