ನಾಲ್ಕನೆಯ ಬೆಸುಗೆ

ನಿನ್ನೆ ಸಂಜೆ ಐದು ಗಂಟೆಗೆ ಹಲೋ ರಾಯರು ರೇಡಿಯೋದಲ್ಲಿ ಮೂರು ಸಲ ಕೂಗಿದರು. ಯಾರೂ ಓಗೊಡಲಿಲ್ಲ. ಎಲ್ಲ ಫಜೀತಿಗೂ ಅದೇ ಮೂಲ.

ರಾಯರು ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಹವ್ಯಾಸಿ ರೇಡಿಯೋ ಪರೀಕ್ಷೆಯನ್ನು ಮೂರನೆಯ ಸಲಕ್ಕೆ ಪಾಸು ಮಾಡಿ, ಕ್ಲಬ್ಬಿನಿಂದ ಒಂದು ಸೆಟ್ಟನ್ನು ಎರವಲು ತಂದಿದ್ದರು. ಕರಾರು ಒಂದೇ: ತಿಂಗಳೊಳಗೆ ಒಮ್ಮೆಯಾದರೂ ಕ್ಲಬ್ಬಿನವರು ರೇಡಿಯೋದಲ್ಲೇ ತೆಗೆದುಕೊಳ್ಳುವ ಸಂಜೆ ಐದರ ಹಾಜರಿಯಲ್ಲಿ ಅವರ ದನಿ ಕೇಳಬೇಕು. ಇಲ್ಲದಿದ್ದರೆ ಸೆಟ್ಟು ಸರದಿಯಲ್ಲಿರುವ ಮುಂದಿನವರಿಗೆ. ಮೊದಲ ಇಪ್ಪತ್ತೆಂಟು ದಿನ ರಾಯರು ಧೈರ್ಯ ಸಾಲದೆ, ಸ್ವಿಚ್ಚನ್ನೇ ಹಾಕದೆ “ಹಲೋ, ಹಲೋ” ಎಂದು ಅಭ್ಯಾಸ ಮಾಡಿದರು. ವಠಾರದವರು ‘ಹಲೋ ರಾಯರು’ ಎಂದು ಹೆಸರಿಟ್ಟದ್ದು ಆಗಲೇ. ಇಪ್ಪತ್ತೊಂಬತ್ತನೆಯ ದಿನ ನಿಜವಾಗಿ ಕೂಗಿದರೆ ಹೀಗೆ. ಇಂದು ಮೂವತ್ತು, ಕೊನೆಯ ದಿನ.

ತಾರಸಿಯ ಆಂಟೆನಾ ಕಂಬದಿಂದ ಕಿಟಕಿಯ ಮೂಲಕ ಮೇಜಿನವರೆಗೆ ಒಂದು ದಪ್ಪ ಕಪ್ಪು ಕೇಬಲ್ಲು ಇಳಿದಿತ್ತು. ಅದರ ತುದಿಯಲ್ಲಿ ಸೆಟ್ಟಿಗೆ ಸಿಕ್ಕಿಸುವ, ಹೆಬ್ಬೆರಳಿನಷ್ಟು ಗಾತ್ರದ ಕನೆಕ್ಟರು.

“ಎಲ್ಲಾ ಇದರದ್ದೇ ಕಿತಾಪತಿ. ಅಲ್ಲಾಡ್ತಿದೆ ನೋಡು,” ಎಂದರು ರಾಯರು ಬೆಳಿಗ್ಗೆ ಎದ್ದವರೇ.

“ಅಲ್ಲಾಡ್ತಿರೋದು ನಿಮ್ಮ ಕೈ ಕಣ್ರೀ,” ಎಂದರು ಹೆಂಡತಿ.

ರಾಯರು ಕತ್ತರಿಸಿಯೇಬಿಟ್ಟರು. ಇನ್ನೂ ಚೆನ್ನಾಗಿರಲಿ ಎಂದು ಒಂದು ಗೇಣು ಹೆಚ್ಚಿಗೇ ಕತ್ತರಿಸಿದರು.

ನಡುವಿನ ತಾಮ್ರದ ತಂತಿಯನ್ನು ಹೊಸ ಕನೆಕ್ಟರಿನ ಕಡ್ಡಿಗೂ ಸುತ್ತಲಿನ ಹೆಣೆದ ಜಾಲರಿಯನ್ನು ಅದರ ಮೈಗೂ ಬೆಸೆಯಬೇಕು. ಇವೆರಡೂ ಒಂದನ್ನೊಂದು ಮುಟ್ಟಬಾರದು, ಮಾತು ಬಿಟ್ಟ ಬೀಗರ ಹಾಗೆ. ರಾಯರು ಉಸಿರು ಬಿಗಿಹಿಡಿದು ಅರ್ಧ ಗಂಟೆ ಬೆಸೆದರು. ಬೆಸುಗೆ ಕನ್ನಡಿಯಂತೆ ಹೊಳೆಯಿತು.

“ಇದ್ಯಾಕ್ರೀ ಇಲ್ಲೇ ಉಳ್ಕೊಂಡಿದೆ?” ಹೆಂಡತಿ ಮೇಜಿನಿಂದ ಒಂದು ಉಂಗುರ ಎತ್ತಿದರು.

ರಾಯರ ಮುಖ ಇಂಗು ತಿಂದ ಮಂಗನಂತಾಯಿತು. ಸೆಟ್ಟಿಗೆ ತಿರುಗಿಸಿ ಬಿಗಿಯುವ ಉಂಗುರ ಅದು. ಬೆಸೆಯುವ ಮೊದಲೇ ಕೇಬಲ್ಲಿಗೆ ತೂರಿಸಬೇಕು, ಆಮೇಲೆ ಹೋಗದು. ಊರಿನವರ ತಪ್ಪನ್ನೆಲ್ಲ ಹುಡುಕುವ ಕಣ್ಣಿಗೆ ಇದೇ ಬಿದ್ದಿರಲಿಲ್ಲ. ಮತ್ತೊಂದು ಗೇಣು ಹೋಯಿತು. ಮೇಜನ್ನು ಕಿಟಕಿಯ ಕಡೆಗೆ ಎಳೆದರು.

ಎಳೆದ ಸದ್ದಿಗೆ ಎದುರು ಮನೆಯ ಟೈಲರು ಬಂದ. ಎರಡನೆಯ ಬೆಸುಗೆಯ ಹೊಗೆಯ ವಾಸನೆಗೆ ಕೆಳಮನೆಯ ರಿಟೈರಾದ ನರ್ಸಮ್ಮ ಬಂದರು.

“ಅಳತೆ ತಗೊಳ್ದೆ ಕತ್ತರಿ ಇಟ್ರಾ ರಾಯರೇ? ನಮ್ಮ ಕಸುಬಲ್ಲಾಗಿದ್ರೆ ಗಿರಾಕಿ ಅಂಗಿ ನನ್ನ ಮುಖಕ್ಕೇ ಎಸೀತಿದ್ದ,” ಎಂದ ಟೈಲರು.

“ಸುಮ್ನಿರಯ್ಯ, ಕೈ ನಡುಗ್ತಿದೆ ಅವರಿಗೆ. ರಾಯರೇ, ಉದ್ದಕ್ಕೆ ಉಸಿರು ತಗೊಳ್ಳಿ,” ಎಂದರು ನರ್ಸಮ್ಮ.

ಉಸಿರು ತೆಗೆದುಕೊಳ್ಳುವಷ್ಟು ಹೊತ್ತೂ ಬೆಸೆಯುವ ಕಾದ ಸಲಾಕೆ ಕನೆಕ್ಟರಿನ ಮೇಲೆಯೇ ಇತ್ತು. ಒಳಗಿನ ಬಿಳಿ ಪ್ಲಾಸ್ಟಿಕ್ಕು ಬೆಣ್ಣೆಯಂತೆ ಕರಗಿತು. ತಂತಿ, ಜಾಲರಿ ಮುಟ್ಟಿಕೊಂಡರೆ ಕೂಗುವ ಮೀಟರು ಇಟ್ಟರೆ ಕೀಂ ಎಂದು ಚೀರಿತು. ಬೀಗರು ರಾಜಿಯಾಗಿದ್ದರು.

ಇನ್ನೊಂದು ಕನೆಕ್ಟರು, ಇನ್ನೊಂದು ಗೇಣು. ಸೆಟ್ಟು ಕಿಟಕಿಯ ಕಟ್ಟೆ ಏರಿತು.

ಮೂರನೆಯ ಸಲ ಉಂಗುರ ತೂರಿಸುವ ಹೊಣೆಯನ್ನು ಟೈಲರು ತಾನೇ ವಹಿಸಿಕೊಂಡ. ತೂರಿಸಿದ್ದೂ ಹೌದು, ತಲೆಕೆಳಗಾಗಿ. ಗೊತ್ತಾದದ್ದು ಬೆಸೆದ ಮೇಲೆ.

“ಸೂಜೀಗೆ ಯಾವ ಕಡೆಯಿಂದ ದಾರ ಹಾಕಿದ್ರೂ ಒಂದೇ. ಇದಕ್ಕೇನು ಧಿಮಾಕು!” ಎಂದು ಅವನು ಉಂಗುರವನ್ನೇ ಬೈದ.

ಮತ್ತೆ ಕತ್ತರಿಸಿದಾಗ ಕೇಬಲ್ಲು ಕಿಟಕಿಯ ಹೊರಗೆ ಜಾರಿ ನೇತಾಡತೊಡಗಿತು. ಗಂಟೆ ನಾಲ್ಕು. ರಾಯರು ಕುರ್ಚಿಯಲ್ಲಿ ಕುಸಿದರು.

“ಸೆಟ್ಟು ವಾಪಸ್ ಕೊಟ್ಬಿಡ್ತೀನಿ ಕಣೇ. ನನ್ನ ಕೈಲಿ ಆಗೋ ಕೆಲ್ಸ ಅಲ್ಲ.”

ಹೆಂಡತಿ ಅವರನ್ನೇ ನೋಡಿದರು. “ಗೋಡೆ ಜೊತೆ ಮಾತಾಡೋ ಗಂಡನ್ನ ಒಂದು ತಿಂಗ್ಳು ಸಹಿಸ್ಕೊಂಡಿದೀನಿ. ಯಾರಾದ್ರೂ ಉತ್ತರ ಕೊಡೋದನ್ನ ನಾನೂ ಕೇಳ್ಬೇಕು. ಏಳಿ, ತಾರಸಿಗೆ ನಡೀರಿ.”

ಟೈಲರು ಬ್ಯಾಟರಿ ಹೊತ್ತ. ನರ್ಸಮ್ಮ ಸೆಟ್ಟನ್ನು ಆಗತಾನೇ ಹುಟ್ಟಿದ ಮಗುವಿನಂತೆ ಎತ್ತಿಕೊಂಡರು. ತಾರಸಿಯಲ್ಲಿ ಹೆಂಡತಿಯೇ ಉಂಗುರವನ್ನು ಸರಿಯಾಗಿ ತೂರಿಸಿ, ಓಡಿಹೋದೀತೆಂಬಂತೆ ಎರಡು ಬೆರಳಲ್ಲಿ ಹಿಡಿದು ಕೂತರು. ನರ್ಸಮ್ಮ ಎಣಿಸಿದರು: “ಒಂದು, ಎರಡು, ಮೂರು, ತೆಗೀರಿ!” ಈ ಸಲ ಮೀಟರು ತೆಪ್ಪಗಿತ್ತು.

ಐದು ಗಂಟೆ. ರಾಯರು ಮೈಕಿನ ಗುಂಡಿ ಒತ್ತಿ ತಮ್ಮ ಗುರುತು ಹೇಳಿ, ಗುಂಡಿ ಬಿಟ್ಟರು. ಒಂದು ಕ್ಷಣ ಬರಿಯ ಕರಕರ. ಆಮೇಲೆ ಕ್ಲಬ್ಬಿನ ಹಿರಿಯರ ದನಿ ಪಕ್ಕದಲ್ಲೇ ನಿಂತಂತೆ ಬಂತು: “ಬನ್ನಿ ಬನ್ನಿ! ಸೊಗಸಾಗಿ ಕೇಳ್ತಿದೀರಿ!”

ಟೈಲರು ಕುಣಿದ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಎಲ್ರೂ ಕ್ಷಮಿಸ್ಬೇಕು,” ಹಿರಿಯರು ಮುಂದುವರಿಸಿದರು. “ನಿನ್ನೆ ನಮಗೆ ಯಾರ ದನೀನೂ ಕೇಳ್ಲಿಲ್ಲ. ನಮ್ಮ ಕಡೆ ಕನೆಕ್ಟರೇ ಕಿತ್ಕೊಂಡಿತ್ತು. ಅದಕ್ಕೆ ಹೊಸಬರಿಗೆಲ್ಲ ಇನ್ನೂ ಒಂದು ತಿಂಗ್ಳು ಗಡುವು ಕೊಟ್ಟಿದೀವಿ.”

ಮೂವರೂ ರಾಯರ ಕಡೆ ತಿರುಗಿದರು.

“ಹಾಗಾದ್ರೆ ಬೆಳಿಗ್ಗೆ ಕತ್ತರಿಸಿದ್ದು…” ಎಂದರು ಹೆಂಡತಿ.

“ಸರಿಯಾಗೇ ಇತ್ತು,” ಎಂದರು ರಾಯರು.

“ರಾಯರೇ, ನಿಮ್ಮದು ಮಾತ್ರ ಗಂಟೆ ಹೊಡೆದ ಹಾಗಿದೆ. ಬೆಸುಗೆ ಯಾರದ್ದು?” ಹಿರಿಯರ ದನಿ ಮತ್ತೆ ಬಂತು.

ರಾಯರು ಗುಂಡಿ ಒತ್ತಿದರು. ಟೈಲರು ತಡೆಯಲಾರದೆ ಮೈಕಿಗೆ ಬಗ್ಗಿದ: “ಇವರದ್ದೇ ಸ್ವಾಮಿ! ಒಂದೇ ದಿನಕ್ಕೆ ನಾಲ್ಕು ಬೆಸೆದಿದಾರೆ!”

“ನಾಲ್ಕಾ? ಇಂಥ ಕೈಗೇ ಕಾಯ್ತಿದ್ವಿ! ಕ್ಲಬ್ಬಲ್ಲಿ ನಲವತ್ತು ಬೆಸೆಯೋದಿದೆ. ಭಾನುವಾರ ಬರ್ತೀರಾ?”

ಆಗುವುದಿಲ್ಲ ಎನ್ನಲೆಂದೇ ರಾಯರು ಗುಂಡಿ ಒತ್ತಿದರು. ಆದರೆ ಜೀವಮಾನದಲ್ಲಿ ಮೊದಲ ಸಲ ಯಾರೋ ಅವರ ಮಾತಿಗಾಗಿ ಕಾಯುತ್ತಿದ್ದರು. “ಬರ್ತೀನಿ” ಎಂದುಬಿಟ್ಟರು.

ಕ್ಲಬ್ಬಿನ ಅಷ್ಟೂ ಜನಕ್ಕೆ ಅದು ಸ್ಪಷ್ಟವಾಗಿ ಕೇಳಿಸಿತು.