ಪ್ಯಾರಿಸ್ ಹೆಂಗಸಿನ ಹಣೆ

ಚಿತ್ರ ನೋಡುವುದು ಬೇರೆ, ಚಿತ್ರವನ್ನು ವಿಶ್ಲೇಷಿಸುವುದು ಬೇರೆ. ಮೊದಲನೆಯದಕ್ಕೆ ಕಣ್ಣು ಸಾಕು, ಎರಡನೆಯದಕ್ಕೆ ಸಭೆ ಬೇಕು. ಮದ್ದೂರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದಷ್ಟು ಕಾಲ ನನಗೆ ಮಡಕೆ, ಮಾವಿನಕಾಯಿಗಳ ಆಚೆಗೆ ಸಭೆ ಸಿಕ್ಕಿರಲಿಲ್ಲ. ಹಾಗಾಗಿ ಮಂಡ್ಯದ ಹೆಣ್ಣುಮಕ್ಕಳ ಕಾಲೇಜೊಂದರವರು ಫೋನ್ ಮಾಡಿ, ನನ್ನಲ್ಲಿರುವ ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ಉಡುಪಿನ ಚಿತ್ರದ ಬಗ್ಗೆ ಶುಕ್ರವಾರ ಮಧ್ಯಾಹ್ನ ಮಾತಾಡಬೇಕೆಂದಾಗ, ಘನಗಂಭೀರವಾಗಿ 'ನೋಡೋಣ' ಎಂದು ಹೇಳಿ ಫೋನಿಟ್ಟು ಅಡುಗೆಮನೆಗೆ ಓಡಿದೆ. ನನ್ನ ಓಟ ಕಂಡು ಹೆಂಡತಿ ಹಾವು ಬಂತೆಂದು ಸ್ಟೂಲು ಹತ್ತಿದಳು.

ಮೈಸೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ, ಕೈಯಿಂದ ಬಣ್ಣ ತುಂಬಿದ ಅಚ್ಚಿನ ಚಿತ್ರ ಅದು. ಇಬ್ಬರು ಹೆಂಗಸರು, ಒಬ್ಬಳು ನಮ್ಮ ಕಡೆ ಮುಖ ಮಾಡಿದ್ದಾಳೆ, ಇನ್ನೊಬ್ಬಳು ಬೆನ್ನು. ದರ್ಜಿಗೆ ಹಿಂದು ಮುಂದು ಎರಡೂ ಕಾಣಲೆಂದು ಈ ಏರ್ಪಾಡು. ಗಂಟೆಯಂತೆ ಉಬ್ಬಿದ ಲಂಗಗಳು ಎರಡು ಗೋಪುರಗಳಾಗಿ ನಿಂತಿವೆ, ಪಾದಗಳಿಗೆ ಪ್ರವೇಶವಿಲ್ಲ. ಹಿನ್ನೆಲೆ ಖಾಲಿ. ಮುಖ ಬೇಕೆಂದೇ ಸಪ್ಪೆ. ಕಣ್ಣು ಅಲ್ಲಿ ನಿಲ್ಲದೆ ನೀಲಿ ರೇಷ್ಮೆಯ ಮೇಲೆ ಜಾರಿ ಅಂಚಿನ ಲೇಸಿಗೆ ಇಳಿಯಬೇಕು. ನನ್ನ ಉಪನ್ಯಾಸವೆಲ್ಲ ಈ ಸಪ್ಪೆಮುಖದ ಮೇಲೆಯೇ ನಿಂತಿತ್ತು.

ಶುಕ್ರವಾರ ಬೆಳಿಗ್ಗೆ ಕೊನೆಯ ಸಲ ನೋಡಲೆಂದು ಗಾಜು ತೆಗೆದು, ಒಳ್ಳೆಯ ಬೆಳಕಿದೆಯೆಂದು ದೇವರಮನೆಯ ಬಾಗಿಲಿಗೆ ಒರಗಿಸಿ ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಪ್ಯಾರಿಸ್ಸಿನವಳ ಹಣೆಯಲ್ಲಿ ಕಾಸಿನಗಲ ಕುಂಕುಮ. ಒದ್ದೆ ಬೆರಳಿನಲ್ಲಿ ಒತ್ತಿದ್ದು. ಕಾಗದ ಅದನ್ನು ಕುಡಿದುಬಿಟ್ಟಿತ್ತು. ಆತಗೂರಿನಿಂದ ಬಂದಿದ್ದ ನಮ್ಮ ಸೋದರತ್ತೆ, ಪ್ರತಿ ಶುಕ್ರವಾರದಂತೆ ದೇವರಪಟಗಳಿಗೆಲ್ಲ ಕುಂಕುಮ ಇಡುತ್ತ ಸಾಲಿನ ಕೊನೆಗೆ ಇವಳಿಗೂ ಇಟ್ಟಿದ್ದರು. ನನಗೆ ಮಧ್ಯಾಹ್ನದ ಉಪನ್ಯಾಸದ ಚಿಂತೆ. ಅತ್ತೆಗೆ ಬೇರೆಯೇ ಚಿಂತೆ.

"ಇವ್ಳಿಗೇನೋ ಇಕ್ದೆ ಕಣಪ್ಪ. ಆ ಇನ್ನೊಬ್ಳು ಬೆನ್ನು ತಿರುಗುಸ್ಕಂಡು ನಿಂತವ್ಳಲ್ಲ, ಅವ್ಳಿಗೆ ಎಲ್ಲಿಕ್ಲಿ?"

ಬಸ್ಸಿನುದ್ದಕ್ಕೂ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದೆ. ಕಣ್ಣು ಜಾರಲೊಲ್ಲದು, ಹಣೆಯಲ್ಲೇ ಕುಳಿತುಬಿಡುತ್ತದೆ. ನಾನು ಬರೆದುಕೊಂಡದ್ದೆಲ್ಲ ಸುಳ್ಳಾಯಿತು. ಗೆಜ್ಜಲಗೆರೆ ದಾಟುವಾಗ ಇದ್ದಕ್ಕಿದ್ದಂತೆ ಮೈ ಜುಮ್ಮೆಂದಿತು. ಕೆಂಪಿನಿಂದ ಹೊರಟ ಕಣ್ಣು ಅಂಗಿಯ ಗುಂಡಿಗಳ ಸಾಲು ಹಿಡಿದು ಇಳಿದು, ಲೇಸಿನ ಮೇಲೆ ಹಾದು, ಬೆನ್ನು ಮಾಡಿದವಳನ್ನು ಹತ್ತಿ, ಅಲ್ಲಿ ಹಣೆ ಸಿಗದೆ ಮತ್ತೆ ಕೆಂಪಿಗೇ ಓಡಿಬರುತ್ತಿತ್ತು! ಪಕ್ಕದವರಿಗೂ ತೋರಿಸಿದೆ; ಅವರು ಬೇರೆ ಸೀಟಿಗೆ ಹೋದರು.

ಸಭೆಯಲ್ಲಿ ಕುಂಕುಮದ ಕಥೆಯನ್ನು ಇದ್ದಂತೆಯೇ ಹೇಳಿ, ಆ ಓಟವನ್ನು ಬೆರಳಿನಿಂದ ಎಳೆದು ತೋರಿಸಿದೆ. ಮಧ್ಯಾಹ್ನದ ನಿದ್ದೆಯಲ್ಲಿದ್ದ ಹುಡುಗಿಯರೆಲ್ಲ ಎದ್ದು ಮೇಜನ್ನು ಮುತ್ತಿಕೊಂಡರು. ಬೆನ್ನು ಮಾಡಿದವಳು ಯಾಕೆ ಮುನಿಸಿಕೊಂಡಿದ್ದಾಳೆಂಬ ಬಗ್ಗೆ ಅರ್ಧ ಗಂಟೆ ವಾದ ನಡೆಯಿತು. ಚಪ್ಪಾಳೆ, ಶಾಲು, ನಿಂಬೆಹಣ್ಣು ಎಲ್ಲವೂ ನನಗೇ ಸಂದವು.

ಮನೆಗೆ ಬಂದಾಗ ಅತ್ತೆ ಶಾಲನ್ನು ಮುಟ್ಟಿ ನೋಡಿ, ಬರುವ ವಾರ ಆ ಪಟಕ್ಕೆ ಒಂದು ಮೊಳ ಕಾಕಡ ಮಲ್ಲಿಗೆಯನ್ನೂ ಮುಡಿಸುವುದಾಗಿ ಹೇಳಿದರು. ಖಂಡಿತ ಕೂಡದು, ಅದು ಕಲಾಕೃತಿ ಎಂದು ಕಠೋರವಾಗಿ ನುಡಿದು ಚಿತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗ ತಿರುಗಿಸುವಾಗಲೇ ಹೊಳೆಯಿತು: ಚಿತ್ರದ ಬಲಗಡೆಯ ಮೇಲಿನ ಮೂಲೆ ತೀರಾ ಬರಿದಾಗಿದೆ, ಅಲ್ಲೊಂದಿಷ್ಟು ಬಿಳುಪು ಬಿದ್ದರೆ ತೂಕ ಸರಿಹೋದೀತು.