ಮೂವತ್ತೆಂಟೊ ನಲವತ್ತೈದೊ

ಶಿವಕ್ಕ: ಮೂವತ್ತೆಂಟರ ತಗೋರಿ, ನಲವತ್ತೈದರ ತಗೋರಿ. ಟಾಯರ್ ದುಂಡಗ ಇದ್ದರ ಸಾಕು ನನಗ.

ಅಮರೇಶ್ವರ: ಇದಕ್ಕ ನೋಡು ನಿನ್ನ ಕರಕೊಂಡು ಬರಬಾರದು ಅಂದಿದ್ದು. ದುಂಡಗ ಇದ್ದರ ಮುಗೀತೇನು? ಮಿಲಿಮೀಟರ್ ಲೆಕ್ಕದ ಅಗಲ ಐತಿ, ಹಲ್ಲು ಐತಿ, ಟ್ಯೂಬ್ ಇರಬೇಕೊ ಇರಬಾರದೊ ಅನ್ನೂದೈತಿ. ಎಲ್ಲಾ ವಿಚಾರ ಮಾಡಬೇಕು.

ಶಿವಕ್ಕ: ನನ್ನ ನೋಡಾಕ ಬಂದಾಗ ಇಷ್ಟು ವಿಚಾರ ಮಾಡಿದ್ದಿಲ್ಲ ನೀವು. ಚಾ ಕುಡದು ಹೂಂ ಅಂದಿದ್ರಿ.

ಅಮರೇಶ್ವರ: ಅವಾಗ ರಿವ್ಯೂ ಓದೂ ಸೌಲಭ್ಯ ಇದ್ದಿಲ್ಲ.

ಈ ಸಂವಾದ ನಡೆದದ್ದು ಹೈ ಬ್ರಿಡ್ಜ್ ಊರಿನಲ್ಲಿ, ಕೊಲಂಬಿಯಾ ಟ್ರೇಲ್ ಶುರುವಾಗುವಲ್ಲಿಂದ ತುಸು ದೂರದ ಸೈಕಲ್ ಅಂಗಡಿಯಲ್ಲಿ. ಹಳೆಯ ರೈಲಿನ ಹಳಿ ಕಿತ್ತು, ಸಣ್ಣ ಜಲ್ಲಿ ಹಾಸಿ, ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟ ದಾರಿ ಅದು. ಇನ್ನೂ ಶಾಲೆಗೆ ಸೇರದ ಮಕ್ಕಳೂ ಅಲ್ಲಿ ಸೈಕಲ್ ಹೊಡೆಯುತ್ತಾರೆ. ಅಮರೇಶ್ವರರ ಸಿದ್ಧತೆ ಮಾತ್ರ ಹಿಮಾಲಯ ಹತ್ತುವವರದು. ಬ್ರಿಡ್ಜ್‌ವಾಟರಿನ ಔಷಧ ಕಂಪನಿಯೊಂದರಲ್ಲಿ ಗುಣಮಟ್ಟದ ಪರೀಕ್ಷೆ ಅವರ ಉದ್ಯೋಗ. ಮನೆಗೆ ಟೋಸ್ಟರ್ ಬರಬೇಕಾದರೂ ಅದು ಅವರ ಕೈಯಲ್ಲಿ ಪಾಸಾಗಬೇಕು.

ವಾರವಿಡೀ ಗಂಡ ಒಂದು ಕಾರಿನಲ್ಲಿ, ಹೆಂಡತಿ ಇನ್ನೊಂದು ಕಾರಿನಲ್ಲಿ. ವೀಕೆಂಡ್ ಬಂತೆಂದರೆ ದೇವಸ್ಥಾನ, ಇಂಡಿಯನ್ ಸ್ಟೋರ್, ಲಾಂಡ್ರಿ. ಇಬ್ಬರೂ ಕೂಡಿ ಆ ದಾರಿಯಲ್ಲಿ ಒಮ್ಮೆ ಸೈಕಲ್ ಮೇಲೆ ಹೋಗಿಬರಬೇಕು ಎಂಬುದು ಶಿವಕ್ಕನ ಆಸೆ. ಹಿಮ ಕರಗಿದಾಗ ಶುರುವಾದ ಟಾಯರಿನ ಆಯ್ಕೆ ಮರದ ಎಲೆ ಕೆಂಪಾದರೂ ಮುಗಿದಿರಲಿಲ್ಲ.

ಶಿವಕ್ಕ: ಇನ್ನೆರಡು ವಾರ ಹೋದರ ಥಂಡಿ ಬೀಳತೈತಿ. ಆಮ್ಯಾಗ ಹಿಮದ ಟಾಯರ್ ಯಾವದು ಅಂತ ಹುಡುಕ್ಕೋತ ಕೂಡ್ತೀರಿ.

ಅಮರೇಶ್ವರ: ಹಿಮದ ಟಾಯರ್ ಬ್ಯಾರೆನ ಇರತಾವು. ಅವಕ್ಕ ಮೊಳೆ ಇರತಾವು.

ಶಿವಕ್ಕ: ಅದೂ ಓದಿ ಮುಗಿಸೀರಿ?

ಅಮರೇಶ್ವರ: ಸುಮ್ಮನ ಕಣ್ಣಾಡಿಸೀನಿ.

ಶಿವಕ್ಕ: ರೈಲಿನ ಹಳಿ ಕಿತ್ತು ಎಷ್ಟೋ ವರ್ಷ ಆತು, ನೀವಿನ್ನೂ ಸಿಗ್ನಲ್ ಬೀಳಲಿ ಅಂತ ನಿಂತೀರಿ.

ಅಂಗಡಿಯ ಒಡತಿ ಮಾರ್ಗರೆಟ್ ಕೈಗೆ ಮೆತ್ತಿದ ಗ್ರೀಸ್ ಒರೆಸಿಕೊಳ್ಳುತ್ತ ಬಂದಳು. ನರೆತ ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡ ಹೆಂಗಸು. ಅಮರೇಶ್ವರರು ಈ ಅಂಗಡಿಗೆ ಬರುವುದು ಇದೇ ಮೊದಲಲ್ಲವಾದ್ದರಿಂದ ಅವಳ ನಗು ಸ್ವಲ್ಪ ಸವೆದಿತ್ತು.

ಮಾರ್ಗರೆಟ್: ಸೋ! ವಾಟ್ ಪ್ರೆಷರ್ ಡು ಯು ಲೈಕ್?

ಅಮರೇಶ್ವರ: ಒನ್ ಥರ್ಟಿ ಬೈ ಎಯ್ಟಿ. ವಿತ್ ಟ್ಯಾಬ್ಲೆಟ್.

ಶಿವಕ್ಕ: ರೀ, ಆಕಿ ಕೇಳಿದ್ದು ಟಾಯರಿನ ಪ್ರೆಷರ್. ನಿಮ್ಮದಲ್ಲ.

ಅಮರೇಶ್ವರ: ಗೊತ್ತೈತಿ. ತಮಾಷೆ ಮಾಡಿದೆ.

ಶಿವಕ್ಕ: ಟ್ಯಾಬ್ಲೆಟ್ಟಿನ ಹೆಸರೂ ಹೇಳಿಬಿಡ್ರಿ ಮತ್ತ, ಆಕಿನೂ ನಗಲಿ.

ಮಾರ್ಗರೆಟ್ ನಗಲಿಲ್ಲ. ನಲವತ್ತೈದರ ಟಾಯರ್ ಹಾಕಿದ್ದ ಹಸಿರು ಸೈಕಲ್ಲೊಂದನ್ನು ಎಳೆದು ತಂದು, ಹೊರಗೆ ಒಂದು ಸುತ್ತು ಹೊಡೆದು ನೋಡಿ ಎಂದು ಅಮರೇಶ್ವರರ ಮುಂದೆ ನಿಲ್ಲಿಸಿದಳು. ಅವರು ಸೈಕಲ್ಲನ್ನು ಎಡಗಡೆಯಿಂದ ನೋಡಿದರು, ಬಲಗಡೆಯಿಂದ ನೋಡಿದರು, ಗಂಟೆ ಬಾರಿಸಿದರು. ಹತ್ತಲಿಲ್ಲ.

ಅಮರೇಶ್ವರ: ಸೀಟು ಎತ್ತರಾತು.

ಮಾರ್ಗರೆಟ್ ಸೀಟು ಇಳಿಸಿದಳು.

ಅಮರೇಶ್ವರ: ಈಗ ತಗ್ಗಾತು. ಅದೂ ಅಲ್ಲದ ಈ ಬೂಟಿನ ಮ್ಯಾಲೆ ಹೊಡಿಯಾಕ ಆಗೂದಿಲ್ಲ.

ಶಿವಕ್ಕ: ಇವು ಸೈಕಲ್ ಹೊಡಿಯಾಕಂತ ತಗೊಂಡ ಬೂಟ.

ಅಮರೇಶ್ವರ: ಉಂಡ ಕೂಡಲೆ ಸೈಕಲ್ ಹೊಡೀಬಾರದು.

ಶಿವಕ್ಕ: ಎಲ್ಲಿ ಉಂಡೀರಿ? ಮುಂಜಾನೆಯಿಂದ ಚಾ ಒಂದ ಆಗೈತಿ.

ಅಮರೇಶ್ವರ: ಖಾಲಿ ಹೊಟ್ಟಿಲೆ ಅಂತೂ ಹೊಡಿಯಾಕ ಬಾರದು.

ಶಿವಕ್ಕ: ಅಲ್ರಿ, ಉಣಕಲ್ಲಿನಿಂದ ದಿನಾ ಸೈಕಲ್ ಮ್ಯಾಲೆ ಕಾಲೇಜಿಗೆ ಹೋಗ್ತಿದ್ದೆ ಅಂತ ಬಂದವರಿಗೆಲ್ಲ ಹೇಳ್ತೀರಿ. ಮಳಿ ಇರಲಿ, ಬಿಸಲಿರಲಿ, ಒಂದು ದಿವಸ ತಪ್ಪಿಸಿದ್ದಿಲ್ಲ ಅಂತೀರಿ. ಕನ್ನಡ ಸಂಘದ ಪಿಕ್ನಿಕ್ಕಿನ್ಯಾಗ ಮೈಕ್ ಹಿಡಕೊಂಡು ಹೇಳೀರಿ. ಅದ ಸೈಕಲ್ ಈಗ ಹತ್ತಾಕ ಏನಾಗೈತಿ?

ಅಮರೇಶ್ವರ: ಮ್ಯಾಲೆ ಹೋಗ್ತಿದ್ದೆ ಅಂದೀನಿ.

ಶಿವಕ್ಕ: ಹೌದು, ಮ್ಯಾಲೆ ಹೋಗ್ತಿದ್ರಿ.

ಅಮರೇಶ್ವರ: ಹೊಡೀತಿದ್ದೆ ಅಂತ ಯಾವತ್ತರ ಅಂದೀನೇನು?

ಹೋಗುವುದಕ್ಕೂ ಹೊಡೆಯುವುದಕ್ಕೂ ನಡುವೆ ಇಷ್ಟು ಜಾಗ ಇರುತ್ತದೆ ಎಂದು ಶಿವಕ್ಕನಿಗೆ ಈವರೆಗೆ ಹೊಳೆದಿರಲಿಲ್ಲ.

ಶಿವಕ್ಕ: ಹಂಗಾರ ಹೊಡೀತಿದ್ದವರು ಯಾರು?

ಅಮರೇಶ್ವರ: ನನ್ನ ಗೆಳ್ಯಾ ಮಂಜುನಾಥ. ನಾ ಹಿಂದ ಕ್ಯಾರಿಯರ್ ಮ್ಯಾಲೆ ಕೂಡ್ತಿದ್ದೆ.

ಶಿವಕ್ಕ: ದಿನಾ?

ಅಮರೇಶ್ವರ: ಒಂದು ದಿವಸ ತಪ್ಪಿಸಿದ್ದಿಲ್ಲ.

ಶಿವಕ್ಕ: ಏರು ಬಂದಾಗ?

ಅಮರೇಶ್ವರ: ಇಳೀತಿದ್ದೆ. ನಾನೂ ಮನಷ್ಯಾ ಅಲ್ಲೇನು?

ಶಿವಕ್ಕ: ಇಳದು ದೂಡ್ತಿದ್ರೇನು?

ಅಮರೇಶ್ವರ: ಅವಂಗ ಹುರುಪು ತುಂಬ್ಕೋತ ಬಾಜೂ ನಡೀತಿದ್ದೆ.

ಶಿವಕ್ಕ: ಪಾಪ, ಮಂಜಣ್ಣ. ಪದವಿ ನಿಮಗ, ಮೊಣಕಾಲು ಬ್ಯಾನಿ ಅವಂಗ. ಅಂದರ ನಿಮಗ ಸೈಕಲ್ ಹೊಡಿಯಾಕ ಬರೂದಿಲ್ಲ?

ಅಮರೇಶ್ವರ: ಥಿಯರಿ ಪೂರಾ ಬರತೈತಿ.

ಶಿವಕ್ಕನಿಗೆ ಮೊದಲು ನಗು ಬಂತು. ಅದು ಹೊರಗೆ ಬೀಳುವ ಮೊದಲೇ ಸಿಟ್ಟು ಬಂತು. ಮಾರ್ಗರೆಟ್‌ಗೆ ಕನ್ನಡ ತಿಳಿಯದು ಎಂಬ ಧೈರ್ಯದಲ್ಲಿ ಅವಳು ದನಿ ಇಳಿಸುವ ಗೋಜಿಗೆ ಹೋಗಲಿಲ್ಲ.

ಶಿವಕ್ಕ: ಇಡೀ ಬ್ಯಾಸಗಿ ನಾ ಏನು ತಿಳಕೊಂಡಿದ್ದೆ ಗೊತ್ತೇನು? ಇವರಿಗೆ ನನ್ನ ಕೂಡ ಬರೂದ ಬ್ಯಾಡಾಗೈತಿ, ಅದಕ್ಕ ಟಾಯರಿನ ನೆವ ತಗದಾರ ಅಂತ. ಕೆಟ್ಟ ಅನಿಸಿತ್ತು ನನಗ. ಭಾಳ ಕೆಟ್ಟ ಅನಿಸಿತ್ತು.

ಅಮರೇಶ್ವರ: ಹಂಗಲ್ಲ ಮಾರಾಯ್ತಿ. ನೀ ಗದಗಿನ್ಯಾಗ ನಿಮ್ಮಣ್ಣನ ಸೈಕಲ್ ನಡುವ ಕಾಲು ತೂರಿಸಿ ಒಳಪೆಡಲ್ ಹೊಡದಾಕಿ. ನಿನ್ನ ಮುಂದ ಬೀಳಬೇಕಲ್ಲ ಅಂತ ಹೆದರಿಕಿ ಬಂತು.

ಶಿವಕ್ಕ: ಮಂದಿ ಮುಂದ ಬಿದ್ದಿದ್ದರ ನಡೀತಿತ್ತೇನು?

ಅಮರೇಶ್ವರ: ಮಂದಿ ಎರಡು ದಿವಸಕ್ಕ ಮರೀತಾರ. ನೀ ಮರಿಯಾಕಿ ಏನು?

ಶಿವಕ್ಕ: ಅದು ಖರೆ.

ಅಮರೇಶ್ವರರು ಮತ್ತೆ ಆ ಹಸಿರು ಸೈಕಲ್ಲಿನ ಗಂಟೆ ಬಾರಿಸಿದರು. ಈ ಗಿರಾಕಿ ಇವತ್ತೂ ಬರಿಗೈಯಲ್ಲಿ ಹೋಗುತ್ತಾನೆ ಎಂದುಕೊಂಡ ಮಾರ್ಗರೆಟ್ ಏನು ತೊಂದರೆ ಎಂದು ಶಿವಕ್ಕನನ್ನು ಕೇಳಿದಳು. ಶಿವಕ್ಕ ಗಂಡನ ಮಾನ ಕಾಯುವ ಹೆಣ್ಣು. ಆದಷ್ಟು ಕಾದಳು.

ಶಿವಕ್ಕ: ಹಿ ಹ್ಯಾಸ್ ಎಕ್ಸ್‌ಪೀರಿಯನ್ಸ್. ಓನ್ಲಿ ಬ್ಯಾಕ್ ಸೈಡ್.

ಮಾರ್ಗರೆಟ್ ಒಂದು ಗಳಿಗೆ ಅಮರೇಶ್ವರರನ್ನು ನೋಡಿದಳು. ಆಮೇಲೆ ಅಂಗಡಿಯ ಹಿಂದುಗಡೆ ಹೋಗಿ ಉದ್ದನೆಯ ಸೈಕಲ್ಲೊಂದನ್ನು ತಳ್ಳಿಕೊಂಡು ಬಂದಳು. ಗಾಲಿ ಎರಡೇ, ಆದರೆ ಸೀಟು ಎರಡು, ಪೆಡಲು ಎರಡು ಜೊತೆ, ಹ್ಯಾಂಡಲೂ ಎರಡು. ಇವತ್ತಿಗೆ ಬಾಡಿಗೆಗೆ ಒಯ್ಯಿರಿ, ಹಿಂದೆ ಕೂರುವವರಿಗೆ ಸೈಕಲ್ ಬರಬೇಕೆಂದೇನೂ ಇಲ್ಲ ಎಂದಳು. ಅಮರೇಶ್ವರರು ಬಗ್ಗಿ ಮೊದಲು ನೋಡಿದ್ದು ಟಾಯರನ್ನೇ.

ಅಮರೇಶ್ವರ: ಇದು ನಲವತ್ತೆರಡು! ಮೂವತ್ತೆಂಟೂ ಅಲ್ಲ, ನಲವತ್ತೈದೂ ಅಲ್ಲ. ಇದರ ಬಗ್ಗೆ ನಾ ಏನೂ ಓದಿಲ್ಲ.

ಶಿವಕ್ಕ: ದೇವರು ದೊಡ್ಡವ.

ಅಮರೇಶ್ವರ: ಹಂಗಾರ ಮುಂದ ನಾ ಕೂಡ್ತೀನಿ.

ಶಿವಕ್ಕ: ಯಾಕ, ಹೆಲ್ಮೆಟ್ ಚಲೋ ಕಾಣತೈತಿ ಅಂತೇನು? ಹಿಂದ ನಡೀರಿ.

ಶಿವಕ್ಕ ಮುಂದಿನ ಸೀಟು ಹಿಡಿದಳು. ಟ್ರೇಲಿನ ಬಾಯಿಯವರೆಗೆ ಇಬ್ಬರೂ ಸೈಕಲ್ಲನ್ನು ತಳ್ಳಿಕೊಂಡೇ ಹೋದರು. ಅಲ್ಲಿ ಅಮರೇಶ್ವರರು ತಮ್ಮ ಪಾಲಿನ ಹ್ಯಾಂಡಲ್ಲನ್ನು ಹಿಡಿದು ಆಕಡೆ ಈಕಡೆ ಜಗ್ಗಿ ಪರೀಕ್ಷೆ ನಡೆಸಿದರು.

ಅಮರೇಶ್ವರ: ಏ, ಇಲ್ಲಿ ಬ್ರೇಕ್ ಇಲ್ಲ!

ಶಿವಕ್ಕ: ಇರೂದಿಲ್ಲ.

ಅಮರೇಶ್ವರ: ಗೇರ್ ಇಲ್ಲ!

ಶಿವಕ್ಕ: ಅದೂ ಇರೂದಿಲ್ಲ.

ಅಮರೇಶ್ವರ: ಹ್ಯಾಂಡಲ್ ಐತಿ, ಖರೆ ತಿರಗವಲ್ದು!

ಶಿವಕ್ಕ: ತಿರಗೂದಿಲ್ಲರಿ. ಹಿಡಕೊಳ್ಳಾಕಷ್ಟ ಅದು.

ಅಮರೇಶ್ವರ: ಮತ್ತ ಇಲ್ಲಿ ಕುಂತು ನಾ ಮಾಡೂದಾದರೂ ಏನು?

ಶಿವಕ್ಕ: ಮುಂದಿನವರು ಒಯ್ದ ಕಡೆ ಪೆಡಲ್ ತುಳಕೋತ ಬರೂದು. ಮದುವಿ ಆದಾಗಿಂದ ನಾ ಕುಂತ ಜಾಗಾನ ಅದು. ಸೀಟು ಇನ್ನೂ ಬೆಚ್ಚಗ ಇರತೈತಿ, ಕೂಡ್ರಿ.